ಮಣ್ಣು ಮುಚ್ಚಿದ ತೀರ್ಥ, ನೀರು ಬಿಟ್ಟ ಬಾವಿ

(ಲೇಖಕರು ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)

ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಗುರುಗಳು ಫೋನ್ ಮಾಡಿದ್ದರು. "ನೀನು ಕಂಪ್ಯೂಟರ್ ಓದಿದವನು, ಅದರ ಬಗ್ಗೇನೇ ಬರಿಯಪ್ಪ, ಮಕ್ಕಳಿಗೆ ಅನುಕೂಲ ಆಗುತ್ತೆ" ಎಂದರು. "ಆಗಲಿ ಸಾರ್" ಎಂದೆ. ಆದರೆ ಬರೆಯಲು ಕೂತಾಗ ಕೈ ಬೇರೆ ಕಡೆಗೇ ಹೋಯಿತು. ಕಂಪ್ಯೂಟರ್ ವಿಷಯ ಈಗಿನ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಅವರಿಗೆ ಗೊತ್ತಿಲ್ಲದ, ನಮ್ಮ ವಯಸ್ಸಿನವರಿಗೆ ಅರ್ಧಂಬರ್ಧ ಗೊತ್ತಿರುವ, ನಮ್ಮ ಅಜ್ಜಿಯರಿಗೆ ಪೂರ್ತಿ ಗೊತ್ತಿದ್ದ ಒಂದು ವಿಷಯದ ಬಗ್ಗೆ ಬರೆಯುತ್ತಿದ್ದೇನೆ. ಅದು ಬಾವಿ. ಅದರಲ್ಲೂ ಜನ ಕೈಮುಗಿಯುತ್ತಿದ್ದ ಬಾವಿ. ಗುರುಗಳು ಕ್ಷಮಿಸಬೇಕು.

ಈ ಹುಚ್ಚು ಹತ್ತಿದ್ದು ಊರಿನಲ್ಲಲ್ಲ, ಬೆಂಗಳೂರಿನಲ್ಲಿ. ತುಮಕೂರಿನಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದಾಗ ಮೊದಲು ರೂಮು ಮಾಡಿದ್ದು ಯಶವಂತಪುರದ ಹತ್ತಿರ. ನಮ್ಮ ಕಡೆಯವರೆಲ್ಲ ಅಲ್ಲೇ ತಾನೇ ಇಳಿಯುವುದು! ಭಾನುವಾರ ಹೊತ್ತು ಹೋಗದಿದ್ದರೆ ಮಲ್ಲೇಶ್ವರಕ್ಕೆ ನಡೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಕಾಡು ಮಲ್ಲೇಶ್ವರ ದೇವಸ್ಥಾನದ ಬೀದಿಯಲ್ಲಿ ಗಂಗಮ್ಮನ ಗುಡಿಯಿದೆ. ಗಂಗಮ್ಮನಿಗೆ ಎದುರಾಗಿ ಒಂದು ಸಣ್ಣ ಬಾಗಿಲು. ಒಳಗೆ ಹೋದರೆ ರಸ್ತೆಯ ಮಟ್ಟಕ್ಕಿಂತ ಕೆಳಗೆ ಕಲ್ಲುಕಂಬಗಳ ಅಂಗಳ, ನಡುವೆ ಮೆಟ್ಟಿಲಿಳಿದು ಹೋಗುವ ಕಲ್ಯಾಣಿ. ಮೇಲ್ಗಡೆ ದಕ್ಷಿಣಕ್ಕೆ ಮುಖಮಾಡಿ ಕೂತ ಕಲ್ಲಿನ ನಂದಿ. ನಂದಿಯ ಬಾಯಿಂದ ಬರುವ ನೀರು ಕೆಳಗಿನ ಲಿಂಗದ ಮೇಲೆ ಬಿದ್ದು, ಅಲ್ಲಿಂದ ಹರಿದು ಕಲ್ಯಾಣಿ ಸೇರುತ್ತದೆ. ದಕ್ಷಿಣಮುಖ ನಂದಿ ತೀರ್ಥ ಎಂದು ಹೆಸರು.

ನಾನು ಮೊದಲ ಸಲ ಹೋದಾಗ ಅಲ್ಲಿದ್ದ ಹಿರಿಯರೊಬ್ಬರು ಹೇಳಿದ ಒಂದು ಮಾತು ನನ್ನನ್ನು ಹಿಡಿದುಕೊಂಡಿತು. "ಇದು ಇಲ್ಲಿ ಇತ್ತು ಅಂತಲೇ ನಮಗೆ ಗೊತ್ತಿರಲಿಲ್ಲ. ನೀವು ನಿಂತಿರೋ ಜಾಗದ ಮೇಲೆ ಬರೀ ಮಣ್ಣಿತ್ತು."

ಸ್ಥಳೀಯರು ಹೇಳುವ ಪ್ರಕಾರ ಗಂಗಮ್ಮನ ಗುಡಿಯ ಮುಂದಿನ ಈ ಜಾಗ 1997ರವರೆಗೆ ಒಂದು ಖಾಲಿ ನಿವೇಶನವಾಗಿತ್ತು. ಮಾರಾಟದ ಮಾತು ಬಂದಾಗ ಅಕ್ಕಪಕ್ಕದವರು ತಕರಾರು ತೆಗೆದರು. ಮಾರುವ ಮೊದಲು ಒಳಗೆ ಏನಾದರೂ ಇದೆಯೇ ಎಂದು ಅಗೆದು ನೋಡಿ ಎಂದು ಪಟ್ಟು ಹಿಡಿದರು. ಅಗೆದರು. ಮೊದಲು ಕಲ್ಲು ಸಿಕ್ಕಿತು, ಆಮೇಲೆ ಕಂಬಗಳು, ಮೆಟ್ಟಿಲು, ಕೊನೆಗೆ ನಂದಿ ಮತ್ತು ಲಿಂಗ. ಮಣ್ಣು ತೆಗೆದ ಮೇಲೆ ನೀರೂ ಬಂತು.

ಆ ತಕರಾರು ಏಳದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಮಲ್ಲೇಶ್ವರದಂಥ ಕಡೆ ಒಂದು ನಿವೇಶನ ಖಾಲಿ ಇರುತ್ತದೆಯೇ? ಪಾಯ ತೋಡುವಾಗ ಸಿಕ್ಕ ಕಲ್ಲುಗಳು ಲಾರಿಯಲ್ಲಿ ಎಲ್ಲಿಗೋ ಹೋಗುತ್ತಿದ್ದವು. ನೀರು ಜಿನುಗಿದರೆ ಕಟ್ಟಡದವರು ಪಂಪು ಹಚ್ಚಿ ಮೋರಿಗೆ ಬಿಡುತ್ತಿದ್ದರು. ಇಂದು ಅಲ್ಲೊಂದು ಮೂರಂತಸ್ತಿನ ಮನೆ ಇರುತ್ತಿತ್ತು.

ಇನ್ನು ಅದರ ವಯಸ್ಸು. ವಾಟ್ಸಾಪಿನಲ್ಲಿ ಈ ತೀರ್ಥದ ವಿಡಿಯೊ ಆಗಾಗ ಬರುತ್ತದೆ. ಕೆಳಗೆ "7,000 ವರ್ಷ ಹಳೆಯ ದೇವಾಲಯ" ಎಂದಿರುತ್ತದೆ. ಏಳು ಸಾವಿರ ವರ್ಷದ ಹಿಂದೆ ನಮ್ಮ ಸೀಮೆಯಲ್ಲಿ ಕಬ್ಬಿಣದ ಉಳಿಯೇ ಇರಲಿಲ್ಲ. ಕಲ್ಲು ಎಷ್ಟು ಹಳೆಯದು ಎನ್ನುವುದು ಬೇರೆ, ಆ ಕಲ್ಲನ್ನು ಕಡೆದದ್ದು ಯಾವಾಗ ಎನ್ನುವುದು ಬೇರೆ. ನಮ್ಮ ಬೆಟ್ಟದ ಬಂಡೆಗಳು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯವು, ಹಾಗೆಂದು ನಮ್ಮ ಮನೆಯ ರುಬ್ಬುವ ಗುಂಡು ಅಷ್ಟು ಹಳೆಯದಾಗುವುದಿಲ್ಲ.

ಮಲ್ಲೇಶ್ವರದ ಇತಿಹಾಸಕ್ಕೆ ಒಂದು ಗಟ್ಟಿ ಆಧಾರ ಅಲ್ಲೇ ಇದೆ. ಕಾಡು ಮಲ್ಲೇಶ್ವರ ದೇವಸ್ಥಾನದ 1669ರ ಶಾಸನ. ಶಹಾಜಿಯ ಮಗ, ಶಿವಾಜಿಯ ಮಲತಮ್ಮ ಏಕೋಜಿಯು ಮಲ್ಲಪುರದ ಮಲ್ಲಿಕಾರ್ಜುನ ದೇವರ ಪೂಜೆಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟ ವಿಷಯ ಅದರಲ್ಲಿದೆ. ಬೆಂಗಳೂರು ಆಗ ಬಿಜಾಪುರದ ಸುಲ್ತಾನರ ಕೆಳಗೆ ಶಹಾಜಿಯ ಮನೆತನದ ಜಹಗೀರಾಗಿತ್ತು. ಈ ಏಕೋಜಿಯೇ ಮುಂದೆ ತಂಜಾವೂರಿಗೆ ಹೋಗಿ ರಾಜನಾದವನು. ಶಾಸನದಿಂದ ತಿಳಿಯುವುದೇನೆಂದರೆ, ಮಲ್ಲೇಶ್ವರ ಎಂಬ ಬಡಾವಣೆ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮೊದಲೇ ಅಲ್ಲಿ ಮಲ್ಲಪುರ ಎಂಬ ಹಳ್ಳಿಯಿತ್ತು, ದೇವರಿತ್ತು. ದೇವರಿದ್ದ ಕಡೆ ಅಭಿಷೇಕಕ್ಕೆ ನೀರು ಬೇಕಲ್ಲ. ಗುಡಿ ಮೇಲೆ ದಿಣ್ಣೆಯಲ್ಲಿ, ತೀರ್ಥ ಕೆಳಗೆ ಇಳಿಜಾರಿನಲ್ಲಿ. ಮೇಲೆ ಬಿದ್ದ ಮಳೆ ಮಣ್ಣಿನಲ್ಲಿ ಇಂಗಿ ಇಳಿಜಾರಿನಲ್ಲಿ ಜಿನುಗುತ್ತದೆ. ಹಾಗೆ ಜಿನುಗುವ ನೀರಿಗೆ ಬಸವನ ಬಾಯಿ ಮಾಡಿ ಕೂರಿಸುವುದು ನಮ್ಮ ಶಿಲ್ಪಿಗಳಿಗೆ ಹೊಸದಲ್ಲ. ಕೋಲಾರದ ಅಂತರಗಂಗೆಯಲ್ಲೂ ನೀರು ಬರುವುದು ಕಲ್ಲಿನ ಬಸವನ ಬಾಯಿಂದಲೇ.

ಮುಂದಿನದು ನಮಗೆ ಗೊತ್ತಿರುವ ಕಥೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕಳಿಸಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಅದೇ 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ನಗರಕ್ಕೆ ಬಂತು. ಆಮೇಲೆ ತಿಪ್ಪಗೊಂಡನಹಳ್ಳಿ, ಆಮೇಲೆ ಕಾವೇರಿ. ಮನೆಯೊಳಗೆ ನಲ್ಲಿ ತಿರುಗಿಸಿದರೆ ನೀರು ಬರುವಾಗ ಕೊಡ ಹಿಡಿದು ಮೆಟ್ಟಿಲಿಳಿಯುವವರು ಯಾರು? ದಿನಾ ಹೋಗುವವರು ನಿಂತರೆ ಹೂಳು ತೆಗೆಯುವವರೂ ನಿಲ್ಲುತ್ತಾರೆ. ನಾಲ್ಕು ಮಳೆಗಾಲದ ಮಣ್ಣು ಸಾಕು, ಮೆಟ್ಟಿಲು ಕಾಣದಾಗುತ್ತದೆ. ಒಂದು ತಲೆಮಾರು ಕಳೆದರೆ ಅದು "ಖಾಲಿ ಸೈಟು."

ಈ ನಂದಿಯ ಪಾದದಿಂದ ಹುಟ್ಟುವ ನೀರೇ ವೃಷಭಾವತಿ ನದಿ ಎಂದು ಮಲ್ಲೇಶ್ವರದವರು ಹೇಳುತ್ತಾರೆ. ಬಸವನಗುಡಿಯವರು ತಮ್ಮ ದೊಡ್ಡ ಬಸವಣ್ಣನ ಪಾದದಿಂದ ಎನ್ನುತ್ತಾರೆ. ಎರಡು ಕಡೆಯವರೂ ನದಿ ತಮ್ಮದೆಂದು ವಾದಿಸುತ್ತಾರೆ. ಆ ನದಿಯಾದರೋ ಮೈಸೂರು ರಸ್ತೆಯ ಪಕ್ಕ ಮೂಗು ಮುಚ್ಚಿಕೊಂಡು ದಾಟುವ ಕಪ್ಪು ಮೋರಿಯಾಗಿ ಹರಿಯುತ್ತಿದೆ. ತೀರ್ಥ ಉಳಿಯಿತು, ನದಿ ಕೆಟ್ಟಿತು.

ಇದಾದ ಕೆಲವು ವರ್ಷಗಳಿಗೆ ಕಂಪನಿ ಕೆಲಸದ ಮೇಲೆ ಐರ್ಲೆಂಡಿನ ಡಬ್ಲಿನ್‌ಗೆ ಕೆಲವು ತಿಂಗಳು ಹೋಗಿದ್ದೆ. ನಮ್ಮ ತಾಲ್ಲೂಕಿನ ಹುಡುಗ ಎಲ್ಲಿಗೆ ಹೋದರೂ ಬಾವಿಯನ್ನೇ ಹುಡುಕುತ್ತಾನೆ ಎಂದು ನಗಬೇಡಿ. ಅದು ತಾನಾಗಿಯೇ ಎದುರಿಗೆ ಬಂತು. ಆ ದೇಶದಲ್ಲಿ ಸುಮಾರು 3,000 ಪವಿತ್ರ ಬಾವಿಗಳಿವೆ ಎಂದು ಲೆಕ್ಕ. ಒಂದೊಂದು ಬಾವಿಗೆ ಒಬ್ಬ ಸಂತ ಅಥವಾ ಸಂತಿಣಿ. ಸಂತರ ಹಬ್ಬದ ದಿನ ಜನ ಬಾವಿಯನ್ನು ಪ್ರದಕ್ಷಿಣೆ ಹಾಕಿ ನೀರು ಕುಡಿಯುತ್ತಾರೆ. ಪಕ್ಕದ ಮರಕ್ಕೆ ಬಟ್ಟೆಯ ಚೂರು ಕಟ್ಟಿ ಹರಕೆ ಹೊರುತ್ತಾರೆ. ಕಣ್ಣುಬೇನೆಗೆ ಒಂದು ಬಾವಿ, ಹಲ್ಲುನೋವಿಗೆ ಇನ್ನೊಂದು. ನಮ್ಮ ಕಡೆ ಮರಕ್ಕೆ ತೊಟ್ಟಿಲು ಕಟ್ಟಿದಂತೆಯೇ.

ಡಬ್ಲಿನ್ ನಗರದ ನಡುವೆ ಟ್ರಿನಿಟಿ ಕಾಲೇಜಿದೆ. ಅದರ ಪಕ್ಕದ ರಸ್ತೆಗೆ ಈಗ ನಸ್ಸೌ ಸ್ಟ್ರೀಟ್ ಎಂದು ಹೆಸರು. ಹಿಂದೆ ಅದು ಸಂತ ಪ್ಯಾಟ್ರಿಕ್‌ನ ಬಾವಿಯ ಓಣಿ. ಅಲ್ಲಿನ ಬಾವಿಗೆ ಜನ ಜಾತ್ರೆಯಂತೆ ಸೇರುತ್ತಿದ್ದರು. 1720ರ ದಶಕದಲ್ಲಿ ಅದು ಇದ್ದಕ್ಕಿದ್ದಂತೆ ಬತ್ತಿತು. "ಗಲಿವರನ ಪ್ರವಾಸಗಳು" ಬರೆದ ಜೊನಾಥನ್ ಸ್ವಿಫ್ಟ್ ಅದು ಬತ್ತಿದ್ದರ ಮೇಲೆ ಒಂದು ಪದ್ಯವನ್ನೇ ಬರೆದಿದ್ದಾನೆ. ಈಗ ಆ ಬಾವಿ ರಸ್ತೆಯ ಅಂಚಿನಲ್ಲಿ ನೆಲದ ಕೆಳಗಿದೆ. ಮೇಲೆ ನಡೆದು ಹೋಗುವ ಸಾವಿರಾರು ಜನರಿಗೆ ಅದರ ಸುಳಿವೂ ಇಲ್ಲ. ಬೀದಿಯ ಹೆಸರು ಬದಲಾಯಿತು, ಬಾವಿ ಮರೆಯಾಯಿತು.

ಆದರೆ ಅಲ್ಲಿ ಒಂದು ಅನುಕೂಲವಿದೆ. 1820ರ ದಶಕದಿಂದ 1840ರ ದಶಕದವರೆಗೆ ಬ್ರಿಟಿಷರು ಇಡೀ ಐರ್ಲೆಂಡನ್ನು ಅಳೆದು, ಒಂದು ಮೈಲಿಗೆ ಆರು ಅಂಗುಲದಂತೆ ದೊಡ್ಡ ನಕ್ಷೆ ಮಾಡಿದರು. ತೆರಿಗೆಗಾಗಿ ಮಾಡಿದ ಅಳತೆ ಅದು. ಆದರೂ ಊರ ಹೆಸರುಗಳನ್ನು ಸರಿಯಾಗಿ ಬರೆಯಲು ಜಾನ್ ಓ'ಡೊನೊವನ್‌ನಂಥ ವಿದ್ವಾಂಸರನ್ನು ಹಳ್ಳಿಹಳ್ಳಿಗೆ ಕಳಿಸಿದರು. ಅವರು ಮುದುಕರನ್ನು ಕೇಳಿ ಕೇಳಿ ಬಾವಿಗಳ ಹೆಸರನ್ನೂ ಬರೆದುಕೊಂಡರು. ಐರಿಷ್ ಭಾಷೆಯಲ್ಲಿ ಬಾವಿಗೆ "ಟೊಬರ್" ಎನ್ನುತ್ತಾರೆ. ಊರ ಹೆಸರಿನಲ್ಲಿ ಟೊಬರ್ ಇದ್ದರೆ ಹತ್ತಿರದಲ್ಲಿ ಎಲ್ಲೋ ಬಾವಿ ಇದ್ದಿರಬೇಕು. ಇವತ್ತಿಗೂ ಅಲ್ಲಿನ ಹವ್ಯಾಸಿಗಳು ಆ ಹಳೆಯ ನಕ್ಷೆ ಹಿಡಿದು ಮುಳ್ಳುಪೊದೆಗಳ ನಡುವೆ ಕಳೆದುಹೋದ ಬಾವಿ ಹುಡುಕುತ್ತಾರೆ, ಎಷ್ಟೋ ಸಲ ಸಿಗುತ್ತದೆ ಕೂಡ.

ಅಲ್ಲಿಂದ ವಾಪಸಾದ ಮೇಲೆ ನನ್ನ ಬೆಂಗಳೂರೇ ನನಗೆ ಬೇರೆಯಾಗಿ ಕಾಣಿಸಿತು. ನಾವು ಗುಬ್ಬಿ, ತುಮಕೂರಿನಿಂದ ಬಂದು ಇಳಿಯುವ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳ. ಧರ್ಮಾಂಬುಧಿಯ ಒಂದು ಹನಿಯೂ ಉಳಿದಿಲ್ಲ. ಸಂಪಂಗಿಯದ್ದು ಮಾತ್ರ ಒಂದು ಸಣ್ಣ ಕೊಳವಾಗಿ ಮೂಲೆಯಲ್ಲಿ ಉಳಿದಿದೆ. ಬೆಂಗಳೂರು ಕರಗದ ವಿಧಿಗಳು ಆ ಕೆರೆಯ ನೀರಿನ ಬಳಿ ನಡೆಯಬೇಕು, ತಿಗಳ ಸಮುದಾಯದವರು ಅದನ್ನು ಬಿಟ್ಟುಕೊಡಲಿಲ್ಲ. ಪೂಜೆ ಇದ್ದ ಅಷ್ಟು ಜಾಗ ಉಳಿಯಿತು, ಮಿಕ್ಕಿದ್ದರ ಮೇಲೆ ಓಟದ ಪಂದ್ಯ ನಡೆಯುತ್ತದೆ. ದೇವರು ದಿಂಡರೆಂದರೆ ಅಷ್ಟಕ್ಕಷ್ಟೇ ಇದ್ದ ನನ್ನಂಥವನಿಗೂ ಇದು ಯೋಚನೆಗೆ ಹಚ್ಚಿತು.

ಇಷ್ಟೆಲ್ಲ ಊರು ಸುತ್ತಿ ನಮ್ಮೂರಿಗೆ ಬರೋಣ.

ನಮ್ಮ ಜಿಲ್ಲೆಗೆ ನೀರಿನ ಕಥೆಗಳಿಗೆ ಬರವಿಲ್ಲ. ದೇವರಾಯನದುರ್ಗದ ಕಾಡಿನಲ್ಲಿ ನಾಮದ ಚಿಲುಮೆ ಇದೆ. ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ರಾಮ ಬಂಡೆಗೆ ಬಾಣ ಬಿಟ್ಟಾಗ ಚಿಮ್ಮಿದ ನೀರೆಂದು ಕಥೆ. ಸಿದ್ಧಗಂಗೆಯ ಹೆಸರಿನಲ್ಲೇ ಗಂಗೆ ಇದೆ. ಬಾಯಾರಿದ ಮುದಿ ಯತಿಗಾಗಿ ಗೋಸಲ ಸಿದ್ಧೇಶ್ವರರು ಬಂಡೆಗೆ ಮೊಣಕಾಲು ಊರಿದಾಗ ಉಕ್ಕಿದ ನೀರೆಂದು ಭಕ್ತರ ನಂಬಿಕೆ. ನಮ್ಮ ತಾಲ್ಲೂಕಿನದೇ ಆದ ಕಡಬದ ಕೆರೆಯನ್ನು ಲಂಕೆಯಿಂದ ಹಿಂತಿರುಗುವಾಗ ಸೀತೆಯ ಕೋರಿಕೆಯಂತೆ ರಾಮ ಕಟ್ಟಿಸಿದ ಎನ್ನುತ್ತಾರೆ. ಹೋಗುವಾಗ ಒಂದು, ಬರುವಾಗ ಒಂದು! ಶಿಂಷೆಗೆ ಅಡ್ಡಲಾಗಿ ಏರಿ ಹಾಕಿದ ಆ ಕೆರೆಯನ್ನು ನೋಡಿದವರಿಗೆ ಅದು ಸಾಮಾನ್ಯರ ಕೆಲಸವಲ್ಲ ಅನ್ನಿಸಿದ್ದರೆ ತಪ್ಪೇನೂ ಇಲ್ಲ.

ಇವೆಲ್ಲ ಹೆಸರಾದವು, ಆದ್ದರಿಂದ ಉಳಿದವು. ಹೆಸರಾಗದ ಒಂದು ಜಾತಿಯ ನೀರು ನಮ್ಮ ಜಿಲ್ಲೆಯಲ್ಲಿತ್ತು. ಅದಕ್ಕೆ ತಲಪರಿಗೆ ಎಂದು ಹೆಸರು. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಕಡೆಯ ಹಿರಿಯರಿಗೆ ಗೊತ್ತಿರುತ್ತದೆ. ಬೆಟ್ಟದ ಬುಡದಲ್ಲಿ, ಹಳ್ಳದ ಪಕ್ಕ, ಕೆರೆಯ ಅಂಗಳದಲ್ಲಿ ಮರಳುಮಣ್ಣು ಇರುವ ಕಡೆ ಗುಂಡಿ ಅಥವಾ ಕಾಲುವೆಯಂತೆ ತೋಡಿದರೆ ಒರತೆ ಒಡೆಯುತ್ತಿತ್ತು. ಆ ನೀರು ಕಾಲುವೆ ಹಿಡಿದು ತಾನಾಗಿ ಗದ್ದೆಗೆ ಹರಿಯುತ್ತಿತ್ತು, ತಗ್ಗಿದ್ದ ಕಡೆ ಏತ ಹಾಕಿ ಎತ್ತುತ್ತಿದ್ದರು. ಎತ್ತು, ಎಣ್ಣೆ, ಕರೆಂಟು ಏನೂ ಬೇಡ. ವರ್ಷಕ್ಕೊಮ್ಮೆ ನೀರು ಕುಡಿಯುವ ಜಮೀನಿನವರೆಲ್ಲ ಸೇರಿ ಹೂಳೆತ್ತಬೇಕು, ಗಂಗಮ್ಮನಿಗೆ ಪೂಜೆ ಮಾಡಬೇಕು, ಸರದಿಯಂತೆ ನೀರು ಹಂಚಿಕೊಳ್ಳಬೇಕು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮ್ಮ ಕಡೆಗೂ ಬಂದು ಗುಬ್ಬಿಯ ಸಂತೆ, ಅಡಿಕೆ ತೆಂಗಿನ ತೋಟಗಳ ಬಗ್ಗೆ ಬರೆದಿದ್ದಾನೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರ್‌ನಲ್ಲಿ ಕೊರಟಗೆರೆಯಿಂದ ಹಿರಿಯೂರಿನ ಕಡೆಗೆ ಹಬ್ಬಿದ ಈ ತಲಪರಿಗೆಗಳ ಸೀಮೆಯನ್ನು ಬಣ್ಣಿಸಿದ್ದಾನೆ. ಇಂದು ಅವುಗಳಲ್ಲಿ ಬಹುಪಾಲು ನಿಂತುಹೋಗಿವೆ. ಕೆಲವನ್ನು ಜಿಲ್ಲೆಯ ಜಲಾಸಕ್ತರು ಹೂಳೆತ್ತಿಸಿ ಮತ್ತೆ ಜೀವ ಕೊಟ್ಟಿದ್ದಾರೆ.

ಮಲ್ಲೇಶ್ವರದ ತೀರ್ಥಕ್ಕೂ ನಮ್ಮ ಜಿಲ್ಲೆಯ ತಲಪರಿಗೆ, ಬಾವಿಗಳಿಗೂ ಇರುವ ವ್ಯತ್ಯಾಸವನ್ನು ನಾನು ಬಹಳ ದಿನ ಗಮನಿಸಿರಲಿಲ್ಲ. ಅಲ್ಲಿ ಕಳೆದುಹೋದದ್ದು ಜಾಗ. ನೀರು ಇದ್ದಲ್ಲೇ ಇತ್ತು, ಮೇಲೆ ಮಣ್ಣು ಬಿದ್ದಿತ್ತು. ಅಗೆದರೆ ಸಿಕ್ಕಿತು. ನಮ್ಮಲ್ಲಿ ಕಳೆದುಹೋದದ್ದು ನೀರು. ಜಾಗ ಕಣ್ಣ ಮುಂದೆಯೇ ಇದೆ. ಸಿಡಿಲಿಗೂ ಅಲುಗದ ಕಲ್ಲುಕಟ್ಟಡ, ಕಪಿಲೆಯ ಕಲ್ಲುಗಳು, ಹಗ್ಗ ಉಜ್ಜಿ ಗೀರು ಬಿದ್ದ ದಡ ಎಲ್ಲ ಇದೆ. ಇಣುಕಿದರೆ ಒಳಗೆ ತೆಂಗಿನ ಮಟ್ಟೆ, ಪ್ಲಾಸ್ಟಿಕ್ಕು, ಒಂದು ಅತ್ತಿಗಿಡ. ಎಷ್ಟು ಅಗೆದರೂ ಅಲ್ಲಿ ನೀರು ಬರುವುದಿಲ್ಲ.

ಕಾರಣ ಸರಳ. ನಮ್ಮ ನೆಲ ಗಟ್ಟಿ ಬಂಡೆ. ಅದರ ಮೇಲೆ ಕಲ್ಲು ಸವೆದು ಮಣ್ಣಾದ ಒಂದು ಪದರವಿದೆ. ಮಳೆನೀರು ಸ್ಪಂಜಿನಂತೆ ಅದರಲ್ಲಿ ನಿಲ್ಲುತ್ತದೆ. ತೆರೆದ ಬಾವಿ ಕುಡಿಯುತ್ತಿದ್ದುದು ಈ ಪದರದ ನೀರನ್ನು. ಕೊಳವೆಬಾವಿ ಬಂಡೆಯೊಳಗಿನ ಬಿರುಕಿಗೆ ಇಳಿಯುತ್ತದೆ. ಕೆಳಗಿನ ಬಿರುಕು ಖಾಲಿಯಾದರೆ ಮೇಲಿನ ಪದರದ ನೀರು ಅಲ್ಲಿಗೆ ಸೋರುತ್ತದೆ. ಮೊದಲು ಬತ್ತುವುದು ಬಾವಿ, ಆಮೇಲೆ ಕಡಿಮೆ ಆಳದ ಬೋರು, ಆಮೇಲೆ ಅದಕ್ಕಿಂತ ಆಳದ್ದು. ನಮ್ಮ ತೋಟದ ಬಾವಿಯಲ್ಲಿ ತಾತನ ಕಾಲಕ್ಕೆ ಕಪಿಲೆ ಇತ್ತು, ಅಪ್ಪನ ಕಾಲಕ್ಕೆ ಪಂಪ್‌ಸೆಟ್ಟು ಬಂತು. ನಾನು ಹೈಸ್ಕೂಲಿನಲ್ಲಿದ್ದಾಗ, ತೆಂಗಿಗೆ ನುಸಿ ಬಿದ್ದು ಮೇಲೆ ಬರವೂ ಬಂದ ಆ ವರ್ಷಗಳಲ್ಲಿ, ಬಾವಿ ತಳ ಕಂಡಿತು. ಅಪ್ಪ ಆಳು ಇಳಿಸಿ ಇನ್ನೂ ನಾಲ್ಕು ಗಜ ತೋಡಿಸಿದರು. ಬಂಡೆ ಸಿಕ್ಕಿತು, ನೀರು ಸಿಗಲಿಲ್ಲ. ಮರುವರ್ಷ ಬೋರು ಕೊರೆಸಿದೆವು. ಮೂರನೆಯದರಲ್ಲಿ ನೀರು ಬಂತು. ಸಾಲ ತೀರಿದ್ದು ನನಗೆ ಕೆಲಸ ಸಿಕ್ಕಿದ ಮೇಲೆ.

ಇಲ್ಲಿಗೆ ಬೋರ್‌ವೆಲ್ಲೇ ಖಳನಾಯಕ ಎಂದು ಮುಗಿಸಿಬಿಡಬಹುದಿತ್ತು. ಹೋದ ವರ್ಷ ಊರಿಗೆ ಬಂದಾಗ ಒಬ್ಬ ಹಿರಿಯರು ನನ್ನನ್ನು ತಿದ್ದಿದರು.

ನಮ್ಮ ಸೀಮೆಯ ಒಂದು ಹಳ್ಳಿಯ ಸಿಹಿನೀರ ಬಾವಿಯ ಬಗ್ಗೆ ವಿಚಾರಿಸುತ್ತಿದ್ದೆ. ಕಲ್ಲಿನ ಮೆಟ್ಟಿಲಿನ ಚೆಂದದ ಬಾವಿ. ಮದುವೆಯ ಹಿಂದಿನ ದಿನ ಹೆಂಗಸರು ವಾಲಗದ ಸಮೇತ ಹೋಗಿ ಗಂಗೆ ಪೂಜೆ ಮಾಡಿ ನೀರು ತರುತ್ತಿದ್ದುದು ಅಲ್ಲಿಂದ. ಬಾಣಂತಿ ಮೊದಲ ಸಲ ಹೊಸಲು ದಾಟಿ ಹೋಗುತ್ತಿದ್ದುದೂ ಅಲ್ಲಿಗೇ. ಐದು ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ವೀಳ್ಯದೆಲೆ ಇಟ್ಟು, ಹೊಂಬಾಳೆ ಏರಿಸಿ ಒಂದು ಕೊಡ ನೀರು ತರುತ್ತಿದ್ದಳು. ನಾನು ಇದನ್ನೆಲ್ಲ ಉತ್ಸಾಹದಿಂದ ಬರೆದುಕೊಳ್ಳುತ್ತಿದ್ದಾಗ ಕಾಲೋನಿಯ ಆ ಹಿರಿಯರು ಸುಮ್ಮನೆ ಕೇಳುತ್ತಿದ್ದರು. ಆಮೇಲೆ ಹೇಳಿದರು: "ಅದೆಲ್ಲ ನಿಮಗೆ ಕಣಪ್ಪ. ನಮ್ಮವ್ವ ಕೊಡ ಇಟ್ಕೊಂಡು ದೂರದಲ್ಲಿ ಕೂತಿರೋಳು. ಯಾರಾದ್ರೂ ಪುಣ್ಯಾತ್ಮರು ಬಂದು ಮೇಲಿಂದ ಹೊಯ್ದರೆ ಉಂಟು. ಒಂದೊಂದು ದಿನ ಮಧ್ಯಾಹ್ನ ಆಗೋದು. ನಮ್ಮ ಬೀದಿಗೆ ಬೋರಿಂಗ್ ಹಾಕಿದ ದಿನ ನಮ್ಮವ್ವ ಅದಕ್ಕೆ ಕಾಯಿ ಒಡೆದಳು."

ನನ್ನ ಪೆನ್ನು ನಿಂತಿತು. ಅವರು ಬೋರಿಂಗ್ ಎಂದದ್ದು ಕೈಪಂಪನ್ನು. 1967ರ ಬರದಲ್ಲಿ ಯುನಿಸೆಫ್ ಸಂಸ್ಥೆ ಗಟ್ಟಿ ಬಂಡೆ ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತಂದಿತು. 1970ರ ದಶಕದಲ್ಲಿ ಇಂಡಿಯಾ ಮಾರ್ಕ್ 2 ಎಂಬ ಕೈಪಂಪು ತಯಾರಾಗಿ ಹಳ್ಳಿಹಳ್ಳಿಗೂ ಹೋಯಿತು. ನಮ್ಮ ಶಾಲೆಯ ದಿನಗಳಲ್ಲಿ ಇಬ್ಬರು ಜೋತುಬಿದ್ದು ಒತ್ತುತ್ತಿದ್ದೆವಲ್ಲ, ಅದೇ ಪಂಪು. ಬಾವಿಯ ಕಟ್ಟೆ ಹತ್ತಲು ಬಿಡದ ಊರಿನಲ್ಲಿ ಆ ಕಬ್ಬಿಣದ ಹಿಡಿಕೆ ಯಾರ ಕೈ ಎಂದು ಕೇಳಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಮಹಾಡಿನ ಚೌದಾರ ಕೆರೆಯ ನೀರು ಕುಡಿದದ್ದನ್ನು ಪಾಠದಲ್ಲಿ ಓದಿದ್ದೆ. ಸಂವಿಧಾನದ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಎಂದು ಹೆಸರು ಹಿಡಿದೇ ಬರೆದಿದ್ದಾರೆ ಎಂದು ಮಾತ್ರ ಆ ದಿನವೇ ಹುಡುಕಿ ಓದಿದೆ. ಬಾವಿಯ ಮಾತು ಒಂದು ದೇಶದ ಸಂವಿಧಾನದೊಳಗೆ ಬರಬೇಕಾದರೆ ಬಾವಿಯ ದಡದಲ್ಲಿ ಏನೇನು ನಡೆದಿರಬೇಕು!

ಇನ್ನೊಂದು ಮಾತನ್ನೂ ಹೇಳಬೇಕು. ಮೆಟ್ಟಿಲು ಬಾವಿಯ ಇನ್ನೊಂದು ಮುಖ ನಾರುಹುಣ್ಣು. ಹುಣ್ಣಾದವರು ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟರೆ ಹುಳುವಿನ ಮರಿಗಳು ನೀರಿಗೆ ಸೇರುತ್ತವೆ, ಆ ನೀರು ಕುಡಿದವರಿಗೆ ಮುಂದಿನ ವರ್ಷ ಕಾಲಿನಿಂದ ಮೊಳದುದ್ದದ ಹುಳು ಹೊರಬರುತ್ತದೆ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಇದರ ಹಾವಳಿ ಹೆಚ್ಚಿತ್ತು. 1980ರ ದಶಕದಲ್ಲಿ ಸರ್ಕಾರ ನಿರ್ಮೂಲನ ಕಾರ್ಯಕ್ರಮ ಹಮ್ಮಿಕೊಂಡು ಎಷ್ಟೋ ಮೆಟ್ಟಿಲು ಬಾವಿಗಳನ್ನು ಮುಚ್ಚಿಸಿತು ಅಥವಾ ಸೇದುವ ಬಾವಿಗಳಾಗಿ ಮಾಡಿಸಿತು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಹಳೆಯದೆಲ್ಲ ಚಿನ್ನ ಎಂದು ಹಾಡುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆ ಹಿರಿಯರ ಮಾತು ಕೇಳಿದ ಮೇಲೆ ನಾನಂತೂ ಹಾಡುವುದನ್ನು ನಿಲ್ಲಿಸಿದೆ.

ಆದರೂ ಬರೆದಿಡುವುದನ್ನು ನಿಲ್ಲಿಸಲಿಲ್ಲ. ರೈಸ್ ಸಾಹೇಬ 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನೆಲ್ಲ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವಾಗಿ ಪ್ರಕಟಿಸಿದ. ಗುಬ್ಬಿ ತಾಲ್ಲೂಕಿನವೂ ಅದರಲ್ಲಿವೆ. ಇಂಥ ಶಾಸನಗಳಲ್ಲಿ ಕೆರೆ ಕಟ್ಟಿಸಿದವರು, ಭೂಮಿ ದತ್ತಿ ಬಿಟ್ಟವರು ಸಿಗುತ್ತಾರೆ. ನೀರು ಹೊತ್ತವರು ಸಿಗುವುದಿಲ್ಲ, ದೂರ ಕೂತು ಕಾದವರಂತೂ ಇಲ್ಲವೇ ಇಲ್ಲ. ಅವರ ವಿಷಯ ಬಾಯಿಮಾತಿನಲ್ಲಿ ಮಾತ್ರ ಇದೆ, ಆ ಬಾಯಿಗಳಿಗೆ ಈಗ ಎಂಬತ್ತು ವರ್ಷ ದಾಟಿದೆ.

ಅದಕ್ಕೆ ನನಗೆ ಗೊತ್ತಿರುವ ವಿದ್ಯೆಯನ್ನೇ ಬಳಸಿದೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳನ್ನು ಈಗ ಮನೆಯಲ್ಲೇ ಕೂತು ಇಳಿಸಿಕೊಳ್ಳಬಹುದು. ದಿಶಾಂಕ್ ಆ್ಯಪ್ ತೆರೆದು ನಿಂತರೆ ನಾವು ಯಾವ ಸರ್ವೆ ನಂಬರಿನಲ್ಲಿದ್ದೇವೆಂದು ಫೋನೇ ಹೇಳುತ್ತದೆ. ಐರ್ಲೆಂಡಿನವರ ಆರು ಅಂಗುಲದ ನಕ್ಷೆಗೆ ಸಮನಾದದ್ದು ನಮ್ಮ ಕೈಯಲ್ಲೂ ಇದೆ ಎಂದಾಯಿತು. ಒಂದೇ ಕೊರತೆ, ನಮ್ಮ ನಕ್ಷೆಯಲ್ಲಿ ಬಾವಿ ಎಂಬ ಗುರುತು ಸಿಕ್ಕರೂ ಅದರ ಹೆಸರು ಸಿಗುವುದಿಲ್ಲ. ಹೆಸರು ಕೇಳಿಯೇ ತಿಳಿಯಬೇಕು. ಕಳೆದ ಮೂರು ಬೇಸಿಗೆ ರಜೆಗಳಲ್ಲಿ, ಹಲಸಿನ ಕಾಲದಲ್ಲಿ, ಚೇಳೂರಿನ ಸುತ್ತ ಬೈಕಿನಲ್ಲಿ ಸುತ್ತಿದೆ. (ಹಲಸಿನ ಕಾಲ ಆರಿಸಿಕೊಂಡಿದ್ದು ಬಾವಿಗಾಗಿ ಅಷ್ಟೇ ಅಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಸಿದ್ದು ಹಲಸಿನ ಹೋಬಳಿಯವರಿಗೆ ವಿವರಿಸಬೇಕಿಲ್ಲ.)

ಸಿಕ್ಕಿದ್ದನ್ನು ಹೇಳುತ್ತೇನೆ. ಹೆಚ್ಚಿನ ಬಾವಿಗಳಿಗೆ ದೇವರ ಹೆಸರಿಲ್ಲ. ಮರದ ಹೆಸರಿದೆ, ರುಚಿಯ ಹೆಸರಿದೆ, ತೋಡಿಸಿದ ಮನೆತನದ ಹೆಸರಿದೆ. ಒಂದೇ ಬಾವಿಗೆ ಊರಿನ ಎರಡು ಬೀದಿಯವರು ಎರಡು ಹೆಸರು ಹೇಳಿದ್ದುಂಟು, ಎರಡನ್ನೂ ಬರೆದುಕೊಂಡಿದ್ದೇನೆ. ಗಂಗೆ ಪೂಜೆ ನಡೆಯುತ್ತಿದ್ದುದು ಯಾವುದರಲ್ಲಿ ಎಂದು ಕೇಳಿದರೆ ಅಜ್ಜಿಯರು ತಡಮಾಡದೆ ಹೇಳುತ್ತಾರೆ, ಗಂಡಸರು ಯೋಚಿಸುತ್ತಾರೆ. ಹೂಳು ತೆಗೆಯುವಾಗ ಸಿಕ್ಕ ಬಿಂದಿಗೆಗಳ ಲೆಕ್ಕ ಮಾತ್ರ ಗಂಡಸರಿಗೆ ಚೆನ್ನಾಗಿ ನೆನಪಿದೆ. ಒಬ್ಬರ ಅಟ್ಟದಲ್ಲಿ ಪಾತಾಳಗರಡಿ ಸಿಕ್ಕಿತು. ಕೊಕ್ಕೆಗಳು ತುಕ್ಕು ಹಿಡಿದಿದ್ದವು. ಬಾವಿಗೆ ಬಿದ್ದ ಕೊಡ ಎತ್ತಲು ಊರಿಗೆಲ್ಲ ಒಂದೇ ಇತ್ತಂತೆ. ಎರವಲು ಕೊಡುವಾಗ ಅಡವಾಗಿ ಒಂದು ಚೊಂಬು ಇಟ್ಟುಕೊಳ್ಳುತ್ತಿದ್ದರಂತೆ, ಇಲ್ಲದಿದ್ದರೆ ವಾಪಸು ಬರುತ್ತಿರಲಿಲ್ಲ! ಅವರ ಮೊಮ್ಮಗಳು, ನಮ್ಮ ಶಾಲೆಯಲ್ಲೇ ಒಂಬತ್ತನೆಯ ತರಗತಿ, ಅದನ್ನು ನೋಡಿ "ಇದು ಮೀನು ಹಿಡಿಯೋದಾ ಅಂಕಲ್?" ಎಂದು ಕೇಳಿದಳು.

ಗಂಗೆ ಪೂಜೆ ನಿಂತಿಲ್ಲ, ಇದು ನಾನು ನಿರೀಕ್ಷಿಸಿರಲಿಲ್ಲ. ಈಗ ಅದು ಬೀದಿಯ ನೀರಿನ ತೊಂಬೆಯ ಹತ್ತಿರ ನಡೆಯುತ್ತದೆ. ನಲ್ಲಿಯ ಕೆಳಗೆ ಐದು ಕಲ್ಲು, ಅರಿಶಿನ ಕುಂಕುಮ, ಹೊಂಬಾಳೆ. ಕರೆಂಟು ಇರುವ ಹೊತ್ತು ನೋಡಿಕೊಂಡು ವಾಲಗದವರನ್ನು ಕರೆಯುತ್ತಾರೆ. ತೊಂಬೆಯ ಪೂಜೆಗೆ ಎಲ್ಲ ಬೀದಿಯವರೂ ಬರುತ್ತಾರೆ. ಒಂದು ಹಳ್ಳಿಯಲ್ಲಿ ಮಾತ್ರ, ನೀರಿಲ್ಲದ ಹಳೆಯ ಬಾವಿಯ ಕಟ್ಟೆಯ ಮೇಲೆ ಹಸಿ ಕುಂಕುಮ ಕಂಡೆ. ಯಾರೋ ನಲ್ಲಿ ನೀರನ್ನು ಚೊಂಬಿನಲ್ಲಿ ತಂದು ಬಾವಿಗೆ ಸುರಿದು ಪೂಜೆ ಮಾಡಿ ಹೋಗಿದ್ದರು.

ಇದುವರೆಗೆ ಬರೆದುಕೊಂಡ ಪಟ್ಟಿಯನ್ನು, ಸರ್ವೆ ನಂಬರು, ಹೇಳಿದವರ ಬೀದಿ, ನೀರು ನಿಂತ ವರ್ಷ, ಯಾರು ಸೇದುತ್ತಿದ್ದರು, ಯಾರಿಗೆ ಸೇದಲು ಬಿಡುತ್ತಿರಲಿಲ್ಲ ಎಂಬ ವಿವರ ಸಮೇತ ಒಂದು ನೋಟ್‌ಪುಸ್ತಕಕ್ಕೆ ಇಳಿಸಿ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲೂ ಇದೆ, ಆದರೆ ನನ್ನ ವೃತ್ತಿಯ ಅನುಭವದಲ್ಲಿ ಕಾಗದಕ್ಕೇ ಆಯುಸ್ಸು ಜಾಸ್ತಿ. ಬಲಗಡೆಯ ಪುಟಗಳನ್ನೆಲ್ಲ ಖಾಲಿ ಬಿಟ್ಟಿದ್ದೇನೆ. ಸುವರ್ಣ ಮಹೋತ್ಸವಕ್ಕೆ ಬರುವ ಹಿರಿಯ ವಿದ್ಯಾರ್ಥಿಗಳು, ಊರಿನವರು ಒಂದು ಗಳಿಗೆ ಗ್ರಂಥಾಲಯದೊಳಗೆ ಹೋಗಿ ತಮ್ಮ ಹಳ್ಳಿಯ ಪುಟ ತೆರೆದು ನೋಡಬೇಕೆಂದು ಕೋರುತ್ತೇನೆ. ತಪ್ಪಿದ್ದರೆ ಎದುರಿನ ಪುಟದಲ್ಲಿ ತಿದ್ದಿ. ಪೆನ್ನು ದಾರದಲ್ಲಿ ಕಟ್ಟಿದೆ.